ಅತ್ತಿಗೆಯ ಮಾರ್ಚ್ ತಿಂಗಳು

ಅಟ್ಟದಿಂದ ಇಳಿಸಿದ ರೆಕ್ಸಿನ್ ಚೀಲದ ಜಿಪ್ಪು ಎಳೆದ ಕೂಡಲೇ ಒಂದು ವಾಸನೆ ಬಂತು. ನುಸಿಗುಳಿಗೆ, ಹಳೇ ಪ್ಲಾಸ್ಟಿಕ್ಕು, ಅದರ ಜೊತೆಗೊಂದಿಷ್ಟು ಮುಗ್ಗಲು. ತಿರುವನಂತಪುರದಲ್ಲಿ ಮಳೆಗಾಲ ಕಳೆದ ಮೇಲೆ ಯಾವ ಚೀಲ ತೆಗೆದರೂ ಮುಗ್ಗಲು ಇದ್ದದ್ದೇ. ಆದರೆ ಈ ಚೀಲದ ಮೇಲೆ ಒಂದು ಬ್ಯಾಂಕಿನ ಹೆಸರು ಅರ್ಧ ಅಳಿಸಿಹೋಗಿತ್ತು. ದೊಡ್ಡ ಡಿಪಾಸಿಟ್ ಇಟ್ಟವರಿಗೆ ಬ್ಯಾಂಕಿನವರು ಉಡುಗೊರೆ ಕೊಡುತ್ತಿದ್ದ ಚೀಲ ಅದು. ನಮಗೆ ತಂದುಕೊಟ್ಟವರು ನನ್ನ ಅತ್ತಿಗೆ, ಅಂದರೆ ನಮ್ಮ ಯಜಮಾನರ ಅಕ್ಕ. ವಾಸನೆ ಮೂಗಿಗೆ ಬಡಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಅವರ ಮುಖ ನೆನಪಾದದ್ದು ಆಮೇಲೆ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಹಾಗಾಗಿ ಒಳ್ಳೆಯದೇನಾದರೂ ಇದೆಯೇ ಅಂತ ಹುಡುಕಿದೆ. ಅತ್ತಿಗೆಯ ಅಕ್ಷರ ದುಂಡಗಿತ್ತು. ರೈಲಿನ ವೇಳೆ ಬಾಯಿಪಾಠವಾಗಿತ್ತು... ಅದಕ್ಕಿಂತ ಹೆಚ್ಚಿಗೆ ನನಗೆ ಸಿಗಲಿಲ್ಲ. ಸಿಕ್ಕವರು ಬೇರೆ ಕಡೆ ಬರೆದುಕೊಳ್ಳಲಿ.

ಅವರು ಕೊಚ್ಚಿಯ ಒಂದು ಬ್ಯಾಂಕಿನಲ್ಲಿ ಅಧಿಕಾರಿ, ಅಲ್ಲೇ ಎಡಪ್ಪಳ್ಳಿಯಲ್ಲಿ ಸ್ವಂತ ಫ್ಲ್ಯಾಟು. ನಾವು ತಿರುವನಂತಪುರದ ಪಟ್ಟಂನಲ್ಲಿ. ಯಜಮಾನರಿಗೆ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕೆಲಸ. ನಮ್ಮ ಮಾವನವರು ಅದೇ ಬ್ಯಾಂಕಿನ ಸೇವೆಯಲ್ಲಿದ್ದಾಗಲೇ ತೀರಿಕೊಂಡು, ಅನುಕಂಪದ ಆಧಾರದ ಮೇಲೆ ಅತ್ತಿಗೆಗೆ ಬ್ಯಾಂಕಿನ ಕೆಲಸ ಸಿಕ್ಕಿತ್ತಂತೆ. ಮದುವೆಯಾಗದೆ ಉಳಿದು ತಮ್ಮನನ್ನು ಓದಿಸಿದರು. ಇದು ನಿಜ, ನಾನು ಅಲ್ಲಗಳೆಯುವುದಿಲ್ಲ. ಮರೆಯೋಣವೆಂದರೂ ಅವರು ಬಿಡುತ್ತಿರಲಿಲ್ಲ. ನನ್ನ ಮದುವೆಯ ಮಾರನೇ ದಿನವೇ, ನಾನಿನ್ನೂ ಅರಿಶಿನದ ಸೀರೆಯಲ್ಲಿರುವಾಗ, "ನನ್ನ ತಮ್ಮನ ಒಂದೊಂದು ಪುಸ್ತಕಕ್ಕೂ ನನ್ನ ಒಂದೊಂದು ಸೀರೆ ಹೋಗಿದೆ ಕಣಮ್ಮ" ಅಂದಿದ್ದರು. ಆ ಸೀರೆಗಳ ಋಣವನ್ನು ನಾನು ವರ್ಷಗಟ್ಟಲೆ ತೀರಿಸಿದೆ.

ಬ್ಯಾಂಕಿನವರ ಮನೆಯಲ್ಲಿ ಹುಟ್ಟಿದವರಿಗೆ, ಸೇರಿದವರಿಗೆ ಮಾರ್ಚ್ ಅಂದರೆ ಏನು ಅಂತ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ವರ್ಷದ ಲೆಕ್ಕ ಮುಗಿಯುವ ಹೊತ್ತಿಗೆ ಶಾಖೆಯಲ್ಲಿ ಇಷ್ಟು ಡಿಪಾಸಿಟ್ ತೋರಿಸಬೇಕು ಅಂತ ಮೇಲಿನವರು ಗುರಿ ಕೊಟ್ಟಿರುತ್ತಾರೆ. ಕಡಿಮೆ ಬಿದ್ದರೆ ನೆಂಟರಿಷ್ಟರ ಹತ್ತಿರ ಬೇಡಿಯಾದರೂ ತುಂಬಿಸಬೇಕು. ಬೇರೆಯವರು ಬೇಡುತ್ತಿದ್ದರು, ಅತ್ತಿಗೆ ಅಪ್ಪಣೆ ಕೊಡುತ್ತಿದ್ದರು. ಮಾರ್ಚ್ ಬಂತೆಂದರೆ ನಮ್ಮ ಮನೆಯ ಕೂಡಿಟ್ಟ ದುಡ್ಡೆಲ್ಲ ಎಡಪ್ಪಳ್ಳಿಗೆ ಹೋಗಿ ಕೂರುತ್ತಿತ್ತು. ಏಪ್ರಿಲ್‌ನಲ್ಲಿ ವಾಪಸ್ ತೆಗೆಯೋಣ ಅಂದರೆ, "ಅವಧಿಗೆ ಮುಂಚೆ ಮುರಿದರೆ ಬಡ್ಡಿ ಹೋಗತ್ತೆ, ಇರಲಿ ಬಿಡು, ಓಡಿಹೋಗತ್ತಾ?" ಅನ್ನುತ್ತಿದ್ದರು. ದುಡ್ಡು ಓಡಿಹೋಗಲಿಲ್ಲ. ಮಗಳ ಬೇಸಿಗೆ ರಜೆಗಳು ಓಡಿಹೋದವು.

ರಜೆ ಅಂದರೆ ನಮ್ಮ ಮನೆಯಲ್ಲಿ ಒಂದೇ ಅರ್ಥ, ಅತ್ತಿಗೆಯ ಮನೆ. ಆಫೀಸಿನ ಕನ್ನಡದ ಸಂಸಾರಗಳು ಎರಡು ದಿನ ರಜಾ ಸಿಕ್ಕಿದರೆ ಪೊನ್ಮುಡಿಗೋ ತೇಕ್ಕಡಿಗೋ ಹೋಗಿ ಫೋಟೋ ತೆಗೆಸಿಕೊಂಡು ಬರುತ್ತಿದ್ದರು. ನಾವು ಚಪಾತಿ ಕಟ್ಟಿಕೊಂಡು ಕೊಚ್ಚಿಗೆ ಹೋಗುವ ಎರ್ನಾಕುಲಂ ರೈಲು ಹತ್ತುತ್ತಿದ್ದೆವು. ವರ್ಕಲ ಸ್ಟೇಷನ್ನಿನಲ್ಲಿ ಜನ ಟೋಪಿ ಹಾಕಿಕೊಂಡು ಸಮುದ್ರ ನೋಡಲು ಇಳಿಯುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಎಡಪ್ಪಳ್ಳಿ ಸೇರಿದ ಮೇಲೆ ನನಗೆ ಅಡುಗೆಮನೆ, ಅತ್ತಿಗೆಗೆ ಬಾಲ್ಕನಿಯ ಕುರ್ಚಿ.

ಆ ಕುರ್ಚಿಯಲ್ಲಿ ಕೂತು ಅವರು ಓದುತ್ತಿದ್ದದ್ದು ನನ್ನ ವಾರಪತ್ರಿಕೆಗಳನ್ನು. ಚಂದಾ ನನ್ನದು, ಅಂಚೆಯಲ್ಲಿ ಪಟ್ಟಂಗೆ ಬರುತ್ತಿತ್ತು. ಪರಸ್ಥಳದಲ್ಲಿ ನಾಲ್ಕಕ್ಷರ ಕನ್ನಡ ಕಣ್ಣಿಗೆ ಬೀಳುವುದೇ ಹಬ್ಬ, ಅದನ್ನು ನಾನು ಉಪ್ಪಿನಕಾಯಿ ನೆಕ್ಕಿದ ಹಾಗೆ ಸ್ವಲ್ಪ ಸ್ವಲ್ಪವೇ ಓದುತ್ತಿದ್ದೆ. ಅತ್ತಿಗೆಗೆ ಚಂದಾ ಕಟ್ಟುವುದು ದುಂದು. ಆದರೆ ನಾವು ಬರುವಾಗ ಅಷ್ಟನ್ನೂ ಹೊತ್ತು ತರಬೇಕು. ಪದಬಂಧವನ್ನು ಇಂಕಿನಲ್ಲಿ ತುಂಬುತ್ತಿದ್ದರು, ತಪ್ಪಾದರೂ ಇಂಕಿನಲ್ಲೇ. ನಾನು ಓದದೆ ಉಳಿಸಿಕೊಂಡ ಧಾರಾವಾಹಿಯ ಕಂತನ್ನು ಮುಗಿಸಿ, ಒಗ್ಗರಣೆ ಹಾಕುತ್ತಿದ್ದ ನನಗೆ ಕೇಳುವಂತೆ, "ಆ ಹುಡುಗಿ ಕೊನೆಗೂ ಅವನನ್ನೇ ಮಾಡ್ಕೋತಾಳೆ, ಬುದ್ಧಿಗೆಟ್ಟವಳು" ಅನ್ನುತ್ತಿದ್ದರು. ಇದೆಲ್ಲ ಸಣ್ಣ ವಿಷಯ ಅನ್ನಿಸಬಹುದು. ಸಣ್ಣ ವಿಷಯಗಳನ್ನು ನಾನು ಸಹಿಸಿಕೊಂಡೆ. ಸಹಿಸಲಾಗದೇ ಹೋದದ್ದು ನಮ್ಮಮ್ಮನ ದೋಣಿಯ ವಿಷಯ.

ನಮ್ಮಮ್ಮ ಕೆ.ಆರ್. ನಗರದಲ್ಲಿ ಅಣ್ಣನ ಮನೆಯಲ್ಲಿದ್ದಳು. ಓದುವ ಹುಚ್ಚು ನನಗೆ ಬಂದದ್ದೇ ಅವಳಿಂದ. ಧಾರಾವಾಹಿಗಳ ಹಾಳೆ ಕತ್ತರಿಸಿ, ದಬ್ಬಳದಲ್ಲಿ ತೂತು ಮಾಡಿ, ಗೋಣಿದಾರದಲ್ಲಿ ಹೊಲಿದು ಪುಸ್ತಕ ಮಾಡಿಡುತ್ತಿದ್ದಳು. ಅಂಥ ಒಂದು ಕಥೆಯಲ್ಲಿ ಗಂಡ ಹೆಂಡತಿ ಆಲಪ್ಪುಳದ ಹಿನ್ನೀರಿನಲ್ಲಿ ದೋಣಿಮನೆಯೊಳಗೆ ಒಂದು ರಾತ್ರಿ ಕಳೆಯುತ್ತಾರೆ. ಅಮ್ಮನಿಗೆ ಆ ಗಂಡ ಹೆಂಡತಿಯ ಹೆಸರು ಮರೆತುಹೋಗಿತ್ತು, ದೋಣಿ ಮರೆತಿರಲಿಲ್ಲ. ಪ್ರತಿಸಲ ನಮ್ಮ ಮನೆಗೆ ಬಂದಾಗಲೂ, "ನೀರಿನ ಮೇಲೆ ಮಲಗಿದ್ರೆ ತೊಟ್ಟಿಲಲ್ಲಿ ಮಲಗಿದ ಹಾಗಿರತ್ತಂತಲ್ಲೇ?" ಅಂತ ಕೇಳುತ್ತಿದ್ದಳು. ಕಾಶಿ ಕೇಳಲಿಲ್ಲ, ಒಡವೆ ಕೇಳಲಿಲ್ಲ. ಎಪ್ಪತ್ತು ದಾಟಿದ ಹೆಂಗಸು ಇಡೀ ಬದುಕಿನಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದು.

ಆ ವರ್ಷ ಕೊಡಿಸಿಯೇ ತೀರುತ್ತೇನೆಂದು ಹಟ ಹಿಡಿದೆ. ನಮ್ಮ ಅಕ್ಕಪಕ್ಕದ ಫ್ಲ್ಯಾಟಿನ ಮಕ್ಕಳಿಗೆ ನಾನು ಹಿಂದಿ ಪಾಠ ಹೇಳಿಕೊಟ್ಟ ದುಡ್ಡಿತ್ತು. ಮಾರ್ಚ್ ಎರಡನೇ ಶನಿವಾರಕ್ಕೆ ಆಲಪ್ಪುಳದಲ್ಲಿ ಒಂದು ಹೌಸ್‌ಬೋಟಿಗೆ ಮುಂಗಡ ಕೊಟ್ಟೆವು. ಅಲ್ಲಿ ಮೀನು ಬೇಯಿಸುತ್ತಾರೆಂದು, ಇದಕ್ಕಾಗಿಯೇ ನಮ್ಮ ಮನೆಗೆ ಬಂದಿದ್ದ ಅಮ್ಮ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಎಲ್ಲ ಸಿದ್ಧ ಮಾಡಿಕೊಂಡಳು. ನೀರಿನ ಮೇಲೆ ಥಂಡಿ ಇರುತ್ತದೆ ಅಂತ ಕಿವಿಗೆ ಕಟ್ಟಲು ಸ್ಕಾರ್ಫು ಬೇರೆ. ಮಾರ್ಚ್ ತಿಂಗಳ ಕೇರಳದಲ್ಲಿ ಥಂಡಿ... ನಾವು ನಕ್ಕೆವು, ಅವಳೂ ನಕ್ಕಳು.

ಗುರುವಾರ ಸಂಜೆ ಅತ್ತಿಗೆಯ ಫೋನು ಬಂತು. ಶನಿವಾರ ರೀಜನಲ್ ಮ್ಯಾನೇಜರ್ ಸಂಸಾರ ಸಮೇತ ಅವರ ಮನೆಗೆ ಊಟಕ್ಕೆ ಬರುತ್ತಾರಂತೆ. ಮೈಸೂರು ಕಡೆ ಅಡುಗೆ ಬೇಕಂತೆ, ನಾನು ಬಂದು ಮಾಡಬೇಕಂತೆ. ಶಾಖೆಯ ಅಂಕಿ ಕಡಿಮೆ ಬಿದ್ದಿದೆ, ಅವರೆದುರು ಮಾನ ಹೋಗುತ್ತದೆ, ಇರುವ ದುಡ್ಡನ್ನೆಲ್ಲ ಈಗಲೇ ಕಳಿಸು ಅಂತ. ಯಜಮಾನರು "ಆಯ್ತಕ್ಕ, ಆಯ್ತಕ್ಕ" ಅನ್ನುವುದು ಮಾತ್ರ ನನಗೆ ಕೇಳಿಸುತ್ತಿತ್ತು. ನನ್ನ ಪಾಠದ ದುಡ್ಡೂ ಯಜಮಾನರ ಖಾತೆಯಲ್ಲೇ ಇತ್ತು. ನಾನು ಒಲೆ ಆರಿಸಿ ಬರುವಷ್ಟರಲ್ಲಿ ಅದೂ ಹೋಗಿತ್ತು. ದೋಣಿಯವರಿಗೆ ಬಾಕಿ ಕೊಡಲು ಏನೂ ಉಳಿದಿರಲಿಲ್ಲ.

"ಅಮ್ಮನಿಗೆ ಏನು ಹೇಳ್ಲಿ ರೀ?" ಅಂದೆ.

"ಅಕ್ಕ ಕೇಳಿದ್ಲು. ಹೆಂಗೆ ಇಲ್ಲ ಅನ್ಲಿ?" ಅಂದರು. ಆಮೇಲೆ, ತಪ್ಪು ಮುಚ್ಚುವವರ ಹಾಗೆ, "ದೋಣಿ ತಾನೆ, ನಾನೇ ತೋರಿಸ್ತೀನಿ ಅಂದಿದಾಳೆ" ಅಂತ ಸೇರಿಸಿದರು.

ದೋಣಿ ಅತ್ತಿಗೆಯೇ ತೋರಿಸುತ್ತಾರಂತೆ ಅಂತ ಅಮ್ಮನಿಗೆ ಹೇಳಿ, ಶುಕ್ರವಾರ ಮಧ್ಯಾಹ್ನದ ರೈಲು ಹತ್ತಿದೆವು. ಅದು ಆಲಪ್ಪುಳದ ಮೇಲೆಯೇ ಹೋಗುವ ರೈಲು. ಸ್ಟೇಷನ್ನಿನಲ್ಲಿ ನಿಂತಾಗ ಹೌಸ್‌ಬೋಟಿನ ದಲ್ಲಾಳಿಗಳು ಚಿತ್ರದ ಹಲಗೆ ಹಿಡಿದು ಪ್ಲಾಟ್‌ಫಾರಂ ಮೇಲೆ ಓಡಾಡುತ್ತಿದ್ದರು. ಅಮ್ಮ ಆ ಚಿತ್ರ ನೋಡಿ, "ಇದೇ ಊರಲ್ವೇನೇ?" ಅಂದಳು. ಹೌದಮ್ಮ ಅಂದೆ. ಅವಳು ಅವಲಕ್ಕಿಯ ಚೀಲವನ್ನು ಸೀಟಿನ ಕೆಳಗಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಳು. ರೈಲು ಹೊರಟಿತು. ಯಜಮಾನರು ಪೇಪರು ಓದುತ್ತಿದ್ದರು, ಪುಟ ಮಾತ್ರ ತಿರುಗಲಿಲ್ಲ.

ಶನಿವಾರ ಬಿಸಿಬೇಳೆಬಾತು, ಹಯಗ್ರೀವ, ಕೋಸಂಬರಿ ಎಲ್ಲ ನಾನೂ ಅಮ್ಮನೂ ಮಾಡಿದೆವು. ಬಂದವರು ಹೊಗಳಿದರು. ಹೊಗಳಿಕೆಯನ್ನು ಅತ್ತಿಗೆ ತೆಗೆದುಕೊಂಡರು. ಭಾನುವಾರ ಬೆಳಿಗ್ಗೆ ಮಾತು ಉಳಿಸಿಕೊಳ್ಳಲು ನಮ್ಮನ್ನೆಲ್ಲ ಕೊಚ್ಚಿಯೊಳಗಿನ ವೈಟ್ಟಿಲಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಬಸ್‌ಸ್ಟ್ಯಾಂಡಿನ ಹಿಂದೆ ದೋಣಿಕಟ್ಟೆ ಇದೆ. ಈಗಿನ ಎ.ಸಿ. ಬೋಟು ಆಗ ಇರಲಿಲ್ಲ, ಕಾಕ್ಕನಾಡಿನ ಆಫೀಸುಗಳಿಗೆ ಹೋಗುವವರ ಸಾದಾ ಬೋಟು. ರೈಲಿನ ಹಾಗೆ ಸಾಲು ಬೆಂಚು, ಡೀಸೆಲ್ ವಾಸನೆ, ತಲೆಯ ಮೇಲೆ ನೇತುಹಾಕಿದ ಕಿತ್ತಳೆ ಬಣ್ಣದ ಜಾಕೆಟ್ಟುಗಳು.

ಅಮ್ಮ ಒಳಗೆ ಬಂದು ಸುತ್ತ ನೋಡಿದಳು. ಮೆಲ್ಲಗೆ ಅತ್ತಿಗೆಯನ್ನೇ ಕೇಳಿದಳು, "ಮಲಗೋ ಕೋಣೆ ಯಾವ ಕಡೆಗಿದೆ ತಾಯಿ?"

"ಮಲಗೋಕೆ ನಮ್ಮನೆ ಇಲ್ವಾ ಅಮ್ಮ?" ಅಂತ ಅತ್ತಿಗೆ ನಕ್ಕರು. ಟಿಕೆಟ್ಟು ಕೈಯಲ್ಲಿ ಬೀಸುತ್ತಾ ನನ್ನ ಕಡೆ ತಿರುಗಿ, "ಎಲ್ಲರದೂ ಸೇರಿ ಒಂದು ಮಸಾಲೆದೋಸೆ ದುಡ್ಡಾಗ್ಲಿಲ್ಲ ನೋಡು. ನೀನು ಸಾವಿರಾರು ಸುರಿಯೋಕೆ ಹೊರಟಿದ್ದೆ" ಅಂದರು.

ನನ್ನ ಮಗಳು, ಆಗ ಐದನೇ ಕ್ಲಾಸು, ಮಲಯಾಳದಲ್ಲಿ "ಇದು ಹೌಸ್‌ಬೋಟ್ ಅಲ್ಲಲ್ಲೋ" ಅಂದಳು. ಇದು ಹೌಸ್‌ಬೋಟ್ ಅಲ್ಲವಲ್ಲ, ಅಂತ. ಅಮ್ಮನಿಗೆ ಆ ಭಾಷೆ ಬರುತ್ತಿರಲಿಲ್ಲ. ಬಂದಿದ್ದರೂ ಬಾರದವಳ ಹಾಗೆಯೇ ಕೂತಿರುತ್ತಿದ್ದಳು, ಬೀಗರ ಮನೆಯವರನ್ನು ನೋಯಿಸುವ ಹೆಂಗಸಲ್ಲ ಅವಳು. ಕಂಬಿಯ ಸಂದಿಯಿಂದ ಕೈ ಚಾಚಿದಳು, ನೀರು ಎಟುಕಲಿಲ್ಲ. ಅರ್ಧ ಗಂಟೆಯೊಳಗೆ ಆ ಕಡೆ ಇಳಿದು, ಅದೇ ಬೋಟಿನಲ್ಲಿ ಈ ಕಡೆ ಬಂದೆವು. ಅಷ್ಟು ಹೊತ್ತೂ ಅತ್ತಿಗೆ ಫೋನಿನಲ್ಲಿ ಯಾರದೋ ಡಿಪಾಸಿಟ್ ಕೇಳುತ್ತಿದ್ದರು. ದಡಕ್ಕೆ ಬಂದ ಮೇಲೆ ಅಮ್ಮ ಅವರಿಗೆ ಕೈ ಮುಗಿದು, "ನಿಮ್ಮಿಂದ ದೋಣಿ ಹತ್ತಿದ್ದಾಯ್ತು" ಅಂದಳು. ಆ ಕೈಮುಗಿದದ್ದು ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಮಳೆ ಕಳೆಯಲಿ, ದಸರಾ ರಜೆಯಲ್ಲಿ ಕರೆಸಿಕೊಳ್ಳುತ್ತೇನೆ, ನಿಜವಾದ ದೋಣಿಯಲ್ಲೇ ಮಲಗಿಸುತ್ತೇನೆ ಅಂದುಕೊಂಡಿದ್ದೆ. ಗೌರಿಹಬ್ಬ ಆಗಿ ಎಂಟು ದಿನಕ್ಕೆ ಅಣ್ಣನ ಫೋನು ಬಂತು. ನಾನು ಕೆ.ಆರ್. ನಗರ ಮುಟ್ಟುವ ಹೊತ್ತಿಗೆ ಅಮ್ಮನನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು...

ವೈಕುಂಠ ಸಮಾರಾಧನೆಗೆ ಅತ್ತಿಗೆಯೂ ಬಂದರು. ಬಂದು ನಮ್ಮ ಚಿಕ್ಕಮ್ಮಂದಿರ ನಡುವೆ ಕೂತು ಕಣ್ಣೊರೆಸಿಕೊಂಡು, "ಪಾಪ, ಅವರಿಗೆ ದೋಣಿಯಲ್ಲಿ ಹೋಗ್ಬೇಕು ಅಂತ ಬಹಳ ಆಸೆ ಇತ್ತು. ಪುಣ್ಯಕ್ಕೆ ನನ್ನ ಕೈಲೇ ಅದು ನಡೀತು" ಅಂದರು. ಚಿಕ್ಕಮ್ಮಂದಿರು ಅವರ ಕೈ ಹಿಡಿದುಕೊಂಡರು. ನಾನು ಪಾಯಸ ಬಡಿಸುತ್ತಿದ್ದೆ. ಪಾತ್ರೆ ಕೆಳಗಿಟ್ಟು, "ಅದು ಆಫೀಸಿಗೆ ಹೋಗೋರ ಬೋಟು. ಅಮ್ಮ ಕೇಳಿದ್ದು ಅದಲ್ಲ" ಅಂದೆ. ಊಟದ ಸಾಲಿನಲ್ಲಿ ಯಾರೋ "ದುಃಖದಲ್ಲಿ ಏನೇನೋ ಮಾತಾಡ್ತಿದಾಳೆ" ಅಂದರು. ಅತ್ತಿಗೆ ಎದ್ದು ಬಂದು ನನ್ನ ಬೆನ್ನು ಸವರಿ, "ಅತ್ತುಬಿಡು, ಹಗುರಾಗತ್ತೆ" ಅಂದರು. ನನಗೆ ಅಳು ಬರಲಿಲ್ಲ. ಆ ಕೈಯನ್ನು ಕಿತ್ತೆಸೆಯಬೇಕು ಅನ್ನಿಸಿತು.

ಅಂದಿನಿಂದ ನಾನು ಎಡಪ್ಪಳ್ಳಿಯ ಮೆಟ್ಟಿಲು ಹತ್ತಲಿಲ್ಲ. ಪಟ್ಟಂನಲ್ಲೇ ನನ್ನ ಹೆಸರಲ್ಲಿ ಬೇರೆ ಖಾತೆ ತೆರೆದೆ. ಮಾರ್ಚ್ ಬಂದಾಗ ಯಜಮಾನರು ಒಬ್ಬರೇ ರೈಲು ಹತ್ತಿ ಹೋಗಿಬರುತ್ತಿದ್ದರು. ಅತ್ತಿಗೆ ನಿವೃತ್ತರಾದರು, ಹೋದ ವರ್ಷ ಕಾಯಿಲೆ ಬಿದ್ದು ತೀರಿಕೊಂಡರು. ಕೊನೆಗೆ ತಿರುವನಂತಪುರದ ಆಸ್ಪತ್ರೆಗೆ ಗಂಜಿ ಮಾಡಿಕೊಟ್ಟವಳು ನಾನೇ. ಪ್ರೀತಿಯಿಂದ ಮಾಡಿದೆ ಅಂದರೆ ಸುಳ್ಳಾಗುತ್ತದೆ. ಮಾಡಬೇಕಿತ್ತು, ಮಾಡಿದೆ. ಅವರು ಕ್ಷಮೆ ಕೇಳಲಿಲ್ಲ. ಕೇಳುವಂಥದ್ದು ಏನಾದರೂ ನಡೆದಿತ್ತು ಅಂತ ಅವರಿಗೆ ಗೊತ್ತೇ ಇರಲಿಲ್ಲ ಅಂತ ಕಾಣುತ್ತದೆ. ನನಗೆ ಅದೇ ಹೆಚ್ಚು ಉರಿ.

ಹೋದ ತಿಂಗಳು ಮಗಳು ತನ್ನ ಸಂಬಳದಲ್ಲಿ ನಮ್ಮಿಬ್ಬರಿಗೂ ಆಲಪ್ಪುಳದಲ್ಲಿ ಹೌಸ್‌ಬೋಟು ಹಿಡಿದುಕೊಟ್ಟಳು. ಬೇಡವೆಂದರೂ ಕೇಳಲಿಲ್ಲ. ಆ ರೆಕ್ಸಿನ್ ಚೀಲ ಅಟ್ಟದಿಂದ ಇಳಿದದ್ದು ಆಗಲೇ. ಸಂಜೆ ದೋಣಿಯನ್ನು ಒಂದು ತೆಂಗಿನಮರಕ್ಕೆ ಕಟ್ಟಿ ನಿಲ್ಲಿಸಿದರು. ನಾನು ಅಂಚಿನಲ್ಲಿ ಕೂತು ನೀರಿಗೆ ಕೈ ಅದ್ದಿದೆ. ಬೆಚ್ಚಗಿತ್ತು. ದೋಣಿ ನಿಜವಾಗಿಯೂ ತೊಟ್ಟಿಲ ಹಾಗೆಯೇ ಆಡುತ್ತಿತ್ತು. ಅದನ್ನು ಹೇಳಲು ನನಗೆ ಅಮ್ಮ ಇರಲಿಲ್ಲ. ತಂದು ಇಲ್ಲಿ ಕೂರಿಸಿ, ನೋಡಿ, ದೋಣಿ ಅಂದರೆ ಇದು ಅಂತ ಜಗಳ ಆಡೋಣವೆಂದರೆ ಅತ್ತಿಗೆಯೂ ಇರಲಿಲ್ಲ.

ಯಜಮಾನರು ಪಕ್ಕದಲ್ಲಿ ಬಂದು ಕೂತರು. ನೀರು ನೋಡುತ್ತಾ, "ಅಕ್ಕನೂ ಪಾಪ ಒಂದು ದಿನ ಇಂಥದ್ರಲ್ಲಿ ಮಲಗ್ಲಿಲ್ಲ ಕಣೇ" ಅಂದರು.

"ಅವರಿಗೆ ಬೇಕಿರ್ಲಿಲ್ಲ ರೀ," ಅಂದೆ. "ನಮ್ಮಮ್ಮನಿಗೆ ಬೇಕಿತ್ತು."