ಕಣ್ಣು ತೆರೆದು ಕೂತದ್ದು

ನಿದ್ದೆ ಸರಿಯಾಗಿ ಬರದೆ, ಶಾಲೆಯಲ್ಲಿ ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗತೊಡಗಿದ್ದೆ. ಜೊತೆಯ ಟೀಚರೊಬ್ಬರು ಹೊಸಪೇಟೆಯ ಧ್ಯಾನದ ತರಗತಿಗೆ ಸೇರಿಸಿದರು. ಮರಿಯಮ್ಮನಹಳ್ಳಿಯಿಂದ ಪ್ರತಿ ಭಾನುವಾರ ಬಸ್ಸು ಹಿಡಿದು ಹೋಗುತ್ತಿದ್ದೆ. ಮೂರನೆಯ ವಾರ ಅಲ್ಲಿ ಹೇಳಿಕೊಡುವ ಹೆಂಗಸು, ನಿಮಗೆ ಒಗ್ಗದ, ನಿಮ್ಮ ಬದುಕಿಗೆ ಸಂಬಂಧವೇ ಇಲ್ಲದ ಒಬ್ಬರನ್ನು ಕಣ್ಮುಂದೆ ತಂದುಕೊಂಡು ಅವರಿಗೆ ಒಳ್ಳೆಯದನ್ನು ಬಯಸಿ ಎಂದರು.

ತಕ್ಷಣ ನೆನಪಾದವನು ಎದುರುಮನೆಯ ಲಾರಿ ಡ್ರೈವರ್. ಸಂಡೂರಿನ ಗಣಿಯಿಂದ ಅದಿರು ಸಾಗಿಸುವವನು. ಬೆಳಿಗ್ಗೆ ಐದಕ್ಕೇ ರೇಡಿಯೊ ಜೋರಾಗಿ ಹಚ್ಚಿ ಲಾರಿ ತೊಳೆಯುತ್ತಿದ್ದ; ಕೆಂಪು ನೀರು ನಮ್ಮ ಬಾಗಿಲ ರಂಗೋಲಿಯವರೆಗೂ ಹರಿದು ಬರುತ್ತಿತ್ತು. ಎರಡು ಸಲ ಜಗಳವಾಡಿದ್ದೆ. ಆದರೆ ಕಣ್ಣು ಮುಚ್ಚಿದರೆ ಲಾರಿ ಕಂಡಿತು, ಅದರ ಹಿಂದೆ ಬರೆಸಿದ್ದ ಹೂವು ಕಂಡಿತು, ಅವನ ಮುಖ ಮಾತ್ರ ಬರಲೊಲ್ಲದು. ಬಸ್ಸಿನಲ್ಲಿ ವಾಪಸ್ಸು ಬರುವಾಗಲೂ ಅದೇ ಚಡಪಡಿಕೆ.

ಮರುದಿನ ರೇಡಿಯೊ ಶುರುವಾದೊಡನೆ ಎದ್ದು ಹೋಗಿ ಎದುರು ನಿಂತೆ. ನಲವತ್ತು ದಾಟಿದ ಮುಖ, ಹುಬ್ಬಿನ ಮೇಲೆ ಹೊಲಿಗೆಯ ಗುರುತು. ಜಗಳಕ್ಕೆ ಬಂದೆನೆಂದುಕೊಂಡು ಅವನು ರೇಡಿಯೊ ಸಣ್ಣ ಮಾಡಿದ. ಮುಖ ನೋಡಲು ಬಂದೆನೆನ್ನಲಾಗದೆ ಧ್ಯಾನದ ವಿಷಯ ತೆಗೆದೆ, ನೀವೂ ಒಮ್ಮೆ ಬನ್ನಿ ಎಂದುಬಿಟ್ಟೆ.

ಅವನು ಪೈಪು ಕೆಳಗಿಟ್ಟ. “ಕಣ್ಣು ಮುಚ್ಚಿದ್ರ ಘಾಟಿನ ರಸ್ತೆ ಕಾಣ್ತೈತ್ರಿ ಅಕ್ಕೋರ. ಹೋದ ವರ್ಷ ಅಲ್ಲಿ ಬ್ರೇಕ್ ಹಿಡೀಲಿಲ್ಲ. ಬಾಜು ಕುಂತಿದ್ದ ದೋಸ್ತ್ ಉಳೀಲಿಲ್ಲ. ಸುಮ್ನ ಇದ್ರ ಅವ ಕೂಗಿದ್ದು ಕೇಳ್ತೈತಿ. ಅದಕ್ಕ ಈ ರೇಡಿಯೊ.”

ಹೋದ ವರ್ಷ ಒಂದು ತಿಂಗಳು ಎದುರುಮನೆಯ ಮುಂದೆ ಲಾರಿ ನಿಂತಿರಲಿಲ್ಲ. ಬೀದಿ ಎಷ್ಟು ಶಾಂತವಾಗಿದೆ ಎಂದು ಗಂಡನೊಡನೆ ಖುಷಿಪಟ್ಟಿದ್ದೆ. ಯಾಕೆಂದು ವಿಚಾರಿಸಿರಲಿಲ್ಲ.

“ಕಣ್ಣು ಮುಚ್ಚಬ್ಯಾಡ್ರಿ,” ಎಂದೆ. “ಹಂಗ ಕುಂದ್ರಿ, ಉಸಿರು ಎಣಸ್ರಿ. ನಾನೂ ಕುಂದರ್ತೀನಿ.”

ಅವನು ಲಾರಿಯ ಮೆಟ್ಟಿಲ ಮೇಲೆ, ನಾನು ಕಟ್ಟೆಯ ಮೇಲೆ. ಎರಡು ನಿಮಿಷವೂ ಆಗಿರಲಿಲ್ಲ, ಅವನ ಬಲಗಾಲು ಬ್ರೇಕ್ ಒತ್ತುವಂತೆ ನೆಲ ಒತ್ತತೊಡಗಿತು. ಅದನ್ನು ನೋಡುತ್ತ ನನಗೂ ಎಣಿಕೆ ತಪ್ಪಿತು. ಆಗಂಗಿಲ್ರಿ ಎಂದು ಎದ್ದುಹೋದ. ಮೂರು ದಿನ ಬಿಟ್ಟು ತಾನಾಗಿಯೇ ಬಂದು ಕೂತ. ಈಗ ಐದು ನಿಮಿಷ ಕೂರುತ್ತೇವೆ, ಕೆಲವು ದಿನ ಅದೂ ಇಲ್ಲ.

ನನ್ನ ನಿದ್ದೆಯೇನೂ ಸುಧಾರಿಸಿಲ್ಲ. ಸಂಜೆ ಲಾರಿ ಬರುವುದು ತಡವಾದರೆ ಮನೆಯೊಳಗೆ ನಿಲ್ಲಲಾಗುವುದಿಲ್ಲ. ಮೊನ್ನೆ ಮಳೆಯಲ್ಲಿ ಅವನು ತಡವಾಗಿ ಬಂದು, ಹೊರಗ್ಯಾಕ ನಿಂತೀರಿ ಎಂದು ಕೇಳಿದ. ಒಣಹಾಕಿದ ಬಟ್ಟೆ ತೆಗೆಯಲು ಬಂದೆ ಎಂದೆ.