ವ್ರತದ ದಿನ ನುಂಗಿದ ಮಾತ್ರೆ

ನಮ್ಮ ಕಡೆ ವರಮಹಾಲಕ್ಷ್ಮಿ ಶುಕ್ರವಾರ ಬರುವುದಿಲ್ಲ, ಶನಿವಾರ ಬರುತ್ತಾಳೆ. ಶುಕ್ರವಾರ ಎಲ್ಲರಿಗೂ ಮೀಟಿಂಗು, ಮಕ್ಕಳಿಗೆ ಈಜು ಕ್ಲಾಸು. ಹಾಗಾಗಿ ಷಿಕಾಗೋ ಸುತ್ತಮುತ್ತಲಿನ ಕನ್ನಡದ ಹೆಂಗಸರೆಲ್ಲ ಸೇರಿ ದೇವಿಯನ್ನು ವೀಕೆಂಡಿಗೆ ಒಪ್ಪಿಸಿದ್ದಾರೆ. ಆದರೆ ವಾರ ಬದಲಾದರೂ ಉಪವಾಸ ಬದಲಾಗುವ ಹಾಗಿಲ್ಲ. ಪೂಜೆ ಮುಗಿದು ಪ್ರಸಾದ ಕೈಗೆ ಬರುವವರೆಗೆ ಹಲ್ಲಿಗೆ ಏನೂ ತಾಗಬಾರದು. ಈ ವಿಷಯದಲ್ಲಿ ನಮ್ಮ ಅತ್ತೆ ಬಲು ಬಿಗಿ. ಮೈಸೂರಿನಲ್ಲಿ ಹೆಡ್ಮಿಸ್ ಆಗಿ ರಿಟೈರ್ ಆದವರು. ಆರು ತಿಂಗಳ ವೀಸಾದಲ್ಲಿ ನಮ್ಮ ವುಡ್‌ರಿಡ್ಜ್ ಮನೆಗೆ ಬಂದರೆ ಮೊದಲು ನನ್ನ ಅಡುಗೆಮನೆಯ ಶೆಲ್ಫುಗಳಿಗೆ ಡಿಸಿಪ್ಲಿನ್ ಕಲಿಸುತ್ತಾರೆ.

ಆ ವರ್ಷ ಪೂಜೆಯ ಹಿಂದಿನ ದಿನ ನನಗೂ ನನ್ನ ಗಂಡನಿಗೂ ಒಂದು ಅವಘಡವಾಯಿತು. ಬಿಡಿಸಿ ಹೇಳುವುದಕ್ಕೇನು ನಾಚಿಕೆ, ಕಾಂಡೋಮ್ ಹರಿಯಿತು. ಬೇರೆಯವರಿಗಾದರೆ ಇದು ಕಿರಿಕಿರಿ, ನನಗೆ ಪ್ರಾಣಕ್ಕೇ ಕುತ್ತಾಗುವ ವಿಷಯ. ಎರಡನೆಯ ಮಗಳು ಹುಟ್ಟಿದಾಗ ಬಿಪಿ ಏರಿ, ರಕ್ತ ನಿಲ್ಲದೆ, ನಾನು ಐಸಿಯುನಲ್ಲಿ ಮಲಗಿದ್ದೆ. ಮೂರನೆಯದರ ಯೋಚನೆ ಬೇಡ ಎಂದು ಡಾಕ್ಟರು ಅವತ್ತೇ ಹೇಳಿದ್ದರು. ಅವರು ಹೇಳದಿದ್ದರೂ ನನಗೆ ಬೇಡವೇ ಇತ್ತು, ಅದು ಬೇರೆ ಮಾತು.

ಹಾಗಿದ್ದರೆ ನಿನ್ನ ಗಂಡ ಆಪರೇಷನ್ ಮಾಡಿಸಿಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ನಾನೂ ಕೇಳುತ್ತಿದ್ದೆ. ಆತ ಸಾಫ್ಟ್‌ವೇರಿನವನು. ವ್ಯಾಕ್ಯೂಮ್ ಕ್ಲೀನರ್ ಕೊಳ್ಳಬೇಕಾದರೂ ಎರಡು ವಾರ ರಿವ್ಯೂ ಓದುತ್ತಾನೆ. ಅರ್ಧ ಗಂಟೆಯ ಆ ಆಪರೇಷನ್ನಿನ ಬಗ್ಗೆ ವರ್ಷಗಟ್ಟಲೆ ರಿಸರ್ಚ್ ನಡೆಸಿದ್ದ. ಇನ್ನೇನು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಕು ಅನ್ನುವಷ್ಟರಲ್ಲಿ ಪ್ರತಿ ಸಲವೂ ಯಾವುದೋ ಒಂದು ಪ್ರಾಜೆಕ್ಟು ರಿಲೀಸಿಗೆ ಬಂದುಬಿಡುತ್ತಿತ್ತು. ನಾನು ಎರಡು ಸಲ ಹೆತ್ತಾಗ ಯಾವ ರಿಲೀಸೂ ನಿಂತಿರಲಿಲ್ಲ.

ಶನಿವಾರ ಬೆಳಿಗ್ಗೆ ಒಬ್ಬಟ್ಟಿಗೆ ಕೈಜೋಡಿಸಲೆಂದು ಅತ್ತೆಯನ್ನು ನೇಪರ್‌ವಿಲ್‌ನ ಆಂಟಿಯ ಮನೆಗೆ ಬಿಟ್ಟು ಬಂದೆ. ಪೂಜೆ ಅಲ್ಲೇ. ವಾಪಸ್ ಬರುವಷ್ಟರಲ್ಲಿ ಗಂಡ ನಮ್ಮ ಔಷಧಿ ಡಬ್ಬ ಹರವಿಕೊಂಡು ಕೂತಿದ್ದ. ಅದು ಚಕ್ಕುಲಿಯ ಹಳೇ ಸ್ಟೀಲ್ ಡಬ್ಬ. ಇಲ್ಲಿನ ಪ್ರತಿ ಕನ್ನಡದ ಮನೆಯಲ್ಲೂ ಅಂಥದ್ದೊಂದಿದೆ. ಜ್ವರ, ಭೇದಿ, ಅಲರ್ಜಿ ಎಲ್ಲಕ್ಕೂ ಊರಿನ ಮಾತ್ರೆ ಅದರಲ್ಲಿರುತ್ತದೆ. ಕಳೆದ ಸಲ ಊರಿಗೆ ಹೋದಾಗ ನನ್ನ ತಂಗಿ, ಅಕ್ಕಾ ಇರಲಿ ಇಟ್ಕೋ ಎಂದು ಇಂಥ ಅವಘಡವಾದಾಗ ಬಸಿರು ನಿಲ್ಲದಂತೆ ನುಂಗುವ ಮಾತ್ರೆಯೊಂದನ್ನು ಕೊಟ್ಟಿದ್ದಳು. ಆದರೆ ಸೂಟ್‌ಕೇಸು ತುಂಬಿದವರು ಅತ್ತೆ. ವಿಮಾನದವರ ಐವತ್ತು ಪೌಂಡಿನ ಲೆಕ್ಕದಲ್ಲಿ ಹಪ್ಪಳಕ್ಕೆ ಜಾಗ ಮಾಡಬೇಕಲ್ಲ, ಎಲ್ಲ ಔಷಧಿಯ ರಟ್ಟಿನ ಡಬ್ಬಿಗಳನ್ನೂ ಬಿಸಾಡಿ, ಮಾತ್ರೆಯ ಸ್ಟ್ರಿಪ್ಪುಗಳ ಅಂಚನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದರು. ಮಾತ್ರೆ ಉಳಿದಿತ್ತು. ಹೆಸರು ಅರ್ಧ ಉಳಿದಿತ್ತು. ತಾರೀಕು ಮೈಸೂರಿನ ಕಸದ ಬುಟ್ಟಿಯಲ್ಲಿತ್ತು.

"ತಗೊಂಬಿಡು. ಎಕ್ಸ್‌ಪೈರಿ ಡೇಟ್ ಅನ್ನೋದೆಲ್ಲ ಬರೀ ಕಂಪನಿಯವರ ಲೀಗಲ್ ಫಾರ್ಮಾಲಿಟಿ ಕಣೇ," ಅಂದ ನನ್ನ ಗಂಡ. ಒಂದು ದಿನ ಹಳೆಯ ಮೊಸರನ್ನು ಮುಟ್ಟದ ಮಹಾನುಭಾವ.

"ಹಾಗಾದ್ರೆ ನೀನೇ ನುಂಗು," ಎಂದು ಕಾರಿನ ಕೀ ತೆಗೆದುಕೊಂಡು ಹೊರಟೆ.

ನಮ್ಮ ಬಡಾವಣೆ ಪಕ್ಕದ ಔಷಧಿ ಅಂಗಡಿಯ ಕೌಂಟರಿನಲ್ಲಿ, ನಾನೇ ಭಾನುವಾರದ ಕ್ಲಾಸಿನಲ್ಲಿ ಅ ಆ ಇ ಈ ಕಲಿಸಿದ ಹುಡುಗಿ ನಿಂತಿದ್ದಳು. "ಹಾಯ್ ಆಂಟಿ!" ಎಂದಳು. ನಾನು ಒಂದು ಟೂತ್‌ಪೇಸ್ಟ್ ಕೊಂಡು ಆಚೆ ಬಂದೆ. ಮಗುವೇನೋ ಯಾರಿಗೂ ಹೇಳುತ್ತಿರಲಿಲ್ಲ. ಆದರೆ ನಾನು ಓಡಿಬಂದೆ, ಕಾರಿನಲ್ಲಿ ಕೂತು ನನ್ನ ಮೇಲೇ ಕೋಪ ಮಾಡಿಕೊಂಡೆ. ಎರಡು ಹೆತ್ತ ನಲವತ್ತರ ಹತ್ತಿರದ ಹೆಂಗಸು ಹೈಸ್ಕೂಲ್ ಹುಡುಗಿಯ ಹಾಗೆ ಕದ್ದು ಓಡಾಡುವುದೇ? ಹಾಗಂದುಕೊಂಡೇ ಹೈವೇ ಹಿಡಿದು ಎಲ್ಕ್ ಗ್ರೋವ್ ವಿಲೇಜಿನವರೆಗೆ ಹೋದೆ. ಅಲ್ಲಿರುವುದೆಲ್ಲ ಗೋಡೌನು, ಫ್ಯಾಕ್ಟರಿ. ಶನಿವಾರ ಅಲ್ಲಿ ಯಾವ ಆಂಟಿಯೂ ಸುಳಿಯುವುದಿಲ್ಲ.

ಅಲ್ಲಿನ ಅಂಗಡಿಯಲ್ಲಿ ಈ ಮಾತ್ರೆಯನ್ನು ಬೀಗ ಹಾಕಿದ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಪಕ್ಕದಲ್ಲೊಂದು ಗುಂಡಿ. ಒತ್ತಿದೆ. ಫ್ಯಾಮಿಲಿ ಪ್ಲಾನಿಂಗ್ ವಿಭಾಗದಲ್ಲಿ ಗ್ರಾಹಕರೊಬ್ಬರಿಗೆ ಸಹಾಯ ಬೇಕಾಗಿದೆ ಎಂದು ಇಡೀ ಅಂಗಡಿಗೆ ಕೇಳುವ ಹಾಗೆ ಮೈಕಿನಲ್ಲಿ ಘೋಷಣೆಯಾಯಿತು. ಕೋಲಾ ಕೊಳ್ಳುತ್ತಿದ್ದ ಟ್ರಕ್ ಡ್ರೈವರೊಬ್ಬ ತಿರುಗಿ ನೋಡಿ, ಪಾಪ, ಅವನೇ ನಾಚಿಕೊಂಡ.

ಬೀಗ ತೆಗೆಯಲು ಬಂದಾಕೆಯೊಂದಿಗೆ ಫಾರ್ಮಸಿಸ್ಟ್ ಹತ್ತಿರ ಹೋದೆ. ಚೀಟಿ ಬೇಡ, ಗುರುತಿನ ಕಾರ್ಡೂ ಬೇಡ, ಸುಮ್ಮನೆ ಕೊಂಡು ಹೋಗಬಹುದಿತ್ತು. ಆದರೂ ಕೇಳಿ ತಿಳಿಯೋಣವೆನ್ನಿಸಿತು. ಫಾರ್ಮಸಿಸ್ಟ್ ನನ್ನ ತೂಕ ಕೇಳಿದಳು. ನನ್ನ ಲೈಸೆನ್ಸಿನಲ್ಲಿರುವುದು ಅಮೆರಿಕಕ್ಕೆ ಬಂದ ಹೊಸತರ ತೂಕ, ಅದನ್ನೇ ಹೇಳೋಣ ಅಂತ ಬಾಯಿಗೆ ಬಂತು. ನುಂಗಿಕೊಂಡು ನಿಜ ಹೇಳಿದೆ. ಪರವಾಗಿಲ್ಲ, ನಿಮಗೆ ಇದೇ ಸಾಕು, ತೂಕ ಹೆಚ್ಚಿದ್ದರೆ ಇದು ಅಷ್ಟು ಕೆಲಸ ಮಾಡದಿರಬಹುದು ಎಂದಳು. ಅಂಥವರಿಗೆ ಡಾಕ್ಟರ ಚೀಟಿಯ ಮೇಲೆ ಸಿಗುವ ಇನ್ನೊಂದು ಮಾತ್ರೆಯಿದೆಯಂತೆ, ಅದು ಐದು ದಿನದವರೆಗೂ ನಡೆಯುತ್ತದೆ. ಎಲ್ಲಕ್ಕಿಂತ ಗಟ್ಟಿ ಬೇಕೆಂದರೆ ಐದು ದಿನದೊಳಗೆ ಕ್ಲಿನಿಕ್ಕಿಗೆ ಹೋಗಿ ಕಾಪರ್-ಟಿ ಹಾಕಿಸಿಕೊಳ್ಳಬೇಕು. ಈ ಮಾತ್ರೆಯನ್ನು ಮೂರು ದಿನದೊಳಗೆ ತೆಗೆದುಕೊಳ್ಳಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಫಿಟ್ಸಿನ ಮಾತ್ರೆಯೋ ಟಿಬಿ ಮಾತ್ರೆಯೋ ನಡೆಯುತ್ತಿದ್ದರೆ ಮೊದಲೇ ಹೇಳಬೇಕು. ಇದು ಅಂಡ ಬಿಡುಗಡೆಯಾಗುವುದನ್ನು ತಡ ಮಾಡುತ್ತದೆ ಅಷ್ಟೆ, ಆಗಲೇ ಬಸಿರು ನಿಂತಿದ್ದರೆ ಅದನ್ನು ತೆಗೆಯುವುದಿಲ್ಲ. ಮುಂದೆ ಮಕ್ಕಳಾಗುವುದಕ್ಕೂ ಅಡ್ಡಿಯಿಲ್ಲ. ನಾಳೆ ಮತ್ತೆ ಎಚ್ಚರ ತಪ್ಪಿದರೆ ಇವತ್ತಿನ ಮಾತ್ರೆ ಕಾಯುವುದೂ ಇಲ್ಲ.

"ಮೂರು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತೆಗೆದುಕೊಳ್ಳಿ. ಹೊಟ್ಟೆಗೇನಾದರೂ ಹಾಕಿಕೊಂಡು ನುಂಗಿದರೆ ಒಳ್ಳೆಯದು," ಎಂದು ಮುಗಿಸಿದಳು.

ಹೊಟ್ಟೆಗೆ ಹಾಕುವುದೆಲ್ಲಿಂದ? ವ್ರತ. ಕದ್ದುಮುಚ್ಚಿ ಔಷಧಿ ಕೊಂಡವಳಿಗೆ ಒಂದು ಬಿಸ್ಕತ್ತು ತಿನ್ನಲು ಧೈರ್ಯ ಬರಲಿಲ್ಲ ನೋಡಿ. ಕಾರಿನಲ್ಲಿ ಕೂತು ಬರೀ ನೀರಿನಲ್ಲಿ ನುಂಗಿ, ರೇಷ್ಮೆ ಸೀರೆಯ ನೆರಿಗೆ ಸರಿಮಾಡಿಕೊಂಡು ನೇಪರ್‌ವಿಲ್‌ಗೆ ಹೊರಟೆ.

ಆಂಟಿಯ ಮನೆಯ ಬೇಸ್‌ಮೆಂಟಿನಲ್ಲಿ ದೇವಿಗೆ ಸೀರೆ ಉಡಿಸಿದ್ದರು. ಊದುಬತ್ತಿ, ಕರ್ಪೂರ, ಒಬ್ಬಟ್ಟಿನ ತುಪ್ಪ, ಮೂವತ್ತು ಹೆಂಗಸರ ಸೆಂಟು. ಅದರಲ್ಲಿ ಡಾಕ್ಟರುಗಳೇ ಐದಾರು ಮಂದಿ, ಒಬ್ಬಾಕೆ ಪೂಜೆಗೆಂದು ಡೆಟ್ರಾಯಿಟ್ ಕಡೆಯಿಂದ ಡ್ರೈವ್ ಮಾಡಿಕೊಂಡು ಬಂದಿದ್ದರು. ಮಂಗಳಾರತಿಯ ತಟ್ಟೆ ಮೂಗಿನ ಮುಂದೆ ಬಂತು. ಬಾತ್‌ರೂಮಿಗೆ ಓಡಿದೆ. ಹೊಟ್ಟೆಯಲ್ಲಿ ಇದ್ದದ್ದೇ ನೀರು ಮತ್ತು ಮಾತ್ರೆ, ಎರಡೂ ಬಂದವು.

ಬಾಗಿಲು ತೆಗೆದರೆ ಆಚೆ ಹೆಂಗಸರ ಸಾಲು. ಎಲ್ಲರ ಮುಖದಲ್ಲೂ ದೀಪ. ಆತಿಥೇಯ ಆಂಟಿ ನನ್ನ ಗಲ್ಲ ಹಿಡಿದು, "ಗುಡ್ ನ್ಯೂಸಾ?" ಅಂದರು.

"ಇಲ್ಲ ಆಂಟಿ, ಗ್ಯಾಸ್ಟ್ರಿಕ್ಕು."

"ನಮಗೇ ಗ್ಯಾಸ್ಟ್ರಿಕ್ ಹೇಳ್ತೀಯಾ? ವ್ರತದ ದಿನವೇ ತೋರಿಸಿದ್ದಾಳೆ ತಾಯಿ. ಈ ಸಲ ಗಂಡೇ, ನೋಡ್ತಿರು."

ಐದಾರು ಡಾಕ್ಟರುಗಳು ನಕ್ಕರು. ಅವರು ಓದಿದ ದಪ್ಪ ಪುಸ್ತಕಗಳಲ್ಲಿ ವಾಂತಿಗೆ ಬೇರೆ ಕಾರಣವೇ ಬರೆದಿರಲಿಲ್ಲವೋ ಏನೋ. ನನ್ನನ್ನು ಮಣೆಯ ಮೇಲೆ ಕೂರಿಸಿದರು. ಅತ್ತೆ ಮುಂದೆ ಬಂದರು. ಅವರ ಕಣ್ಣಲ್ಲಿ ನೀರು. ನನ್ನ ಸೆರಗು ಹರಡಿಸಿ ಅಕ್ಕಿ, ಕೊಬ್ಬರಿ, ಬಳೆ, ಬಾಳೆಹಣ್ಣು ಹಾಕಿ ಮಡಿಲು ತುಂಬಿದರು. ಸುತ್ತಲೂ ಹಾಡು. ಮಡಿಲಲ್ಲಿ ಆ ಭಾರ ಹೊತ್ತು ಕೂತ ನನಗೆ ಒಂದೇ ಯೋಚನೆ, ಇಲ್ಲಿಂದ ಬೇಗ ಎದ್ದು ಇನ್ನೊಂದು ಮಾತ್ರೆ ನುಂಗಬೇಕು. ನಗು ಬರುತ್ತಿತ್ತು. ಹೆದರಿಕೆಯೂ ಆಗುತ್ತಿತ್ತು.

ಹಾಡು ಮುಗಿದ ಮೇಲೆ ಅತ್ತೆಯನ್ನು ಗರಾಜಿನ ಬಾಗಿಲ ಹತ್ತಿರ, ಚಪ್ಪಲಿ ರಾಶಿಯ ಮಧ್ಯೆ ಕರೆದುಕೊಂಡು ಹೋಗಿ ಎಲ್ಲ ಹೇಳಿಬಿಟ್ಟೆ.

ಅವರ ಮುಖ ಕೆಂಪಾಯಿತು. "ವ್ರತದ ದಿನ ಮಾಡೋ ಕೆಲಸವೇನೇ ಇದು? ಲಕ್ಷ್ಮಿ ಬರೋ ಹೊತ್ತಲ್ಲಿ ಬೇಡ ಅಂತ ಮಾತ್ರೆ ನುಂಗ್ತಾರಾ?"

ನನಗೂ ರೇಗಿತು. "ಲಕ್ಷ್ಮಿ ಬರಲಿ ಅತ್ತೆ. ನಾನು ಹೋಗ್ತೀನಲ್ಲ, ಅದಕ್ಕೇನ್ಮಾಡ್ತೀರಿ? ಪುಟ್ಟಿ ಹುಟ್ಟಿದಾಗ ಏನಾಯ್ತು ಅಂತ ನಿಮಗೆ ಗೊತ್ತಿಲ್ವಾ?"

ಅತ್ತೆ ಗೋಡೆ ಹಿಡಿದುಕೊಂಡು ಬಗ್ಗಿ, ಆ ಚಪ್ಪಲಿ ರಾಶಿಯಲ್ಲಿ ತಮ್ಮವನ್ನು ಹುಡುಕಿ ಮೆಟ್ಟಿಕೊಂಡರು. "ನಡಿ, ಗಾಡಿ ತೆಗಿ," ಅಂದರು.

ಕಾರು ಎರಡು ಸಿಗ್ನಲ್ ದಾಟಿದ ಮೇಲೆ ಕಿಟಕಿಯ ಕಡೆ ತಿರುಗಿಕೊಂಡೇ ಹೇಳಿದರು. "ಅವತ್ತು ಮೈಸೂರಲ್ಲಿ ಫೋನ್ ಪಕ್ಕ ಕೂತಿದ್ದೆ. ಇವಳೊಬ್ಬಳು ಉಳಿದ್ರೆ ಸಾಕು, ನನಗೆ ಇನ್ನೇನೂ ಬೇಡ ಅಂತ ಇದೇ ತಾಯಿಗೆ ಕೈಮುಗಿದಿದ್ದೆ. ನೀನು ಉಳಿದೆ. ನಾನು ಮರೆತು ಮತ್ತೆ ಮೊಮ್ಮಗನ್ನ ಕೇಳ್ತಾ ಕೂತೆ."

ಅಷ್ಟರಲ್ಲಿ ಫೋನು ಕುಂಯ್ ಎಂದಿತು. ಬಾತ್‌ರೂಮಿನಿಂದ ನಾನು ಕಳಿಸಿದ್ದ ವಾಂತಿಯ ಸುದ್ದಿ ಓದಿದ ಗಂಡ ಒಂದು ಲಿಂಕ್ ಕಳಿಸಿದ್ದ. ಆನ್‌ಲೈನಿನಲ್ಲಿ ಅದೇ ಮಾತ್ರೆ ಸಿಗುತ್ತದಂತೆ, ರಿವ್ಯೂ ಚೆನ್ನಾಗಿದೆಯಂತೆ, ಮಂಗಳವಾರ ಬರುತ್ತದಂತೆ.

ಹತ್ತಿರದ ಅಂಗಡಿಯಲ್ಲಿ ನಾನು ತಡೆಯುವ ಮೊದಲೇ ಅತ್ತೆ ಗುಂಡಿ ಒತ್ತಿದರು. ಮೈಕು ಕೂಗಿತು. ಹಾಲಿನ ಕ್ಯಾನು ಹಿಡಿದ, ಪರಿಚಯದ ಅಂಕಲ್ ಒಬ್ಬರು ಸಾಲಿನ ತುದಿಯಲ್ಲಿ ಪ್ರತ್ಯಕ್ಷರಾಗಿ, "ಏನಮ್ಮಾ, ಇಲ್ಲಿ?" ಅಂದರು.

"ಔಷಧಿ ಅಂಗಡೀಲಿ ಇನ್ನೇನ್ರೀ ತಗೋತಾರೆ? ಔಷಧಿ," ಎಂದರು ಅತ್ತೆ, ಹೋಂವರ್ಕ್ ಮಾಡದೆ ಬಂದ ಹುಡುಗನಿಗೆ ಹೇಳುವ ಧಾಟಿಯಲ್ಲಿ. ಅಂಕಲ್ ಹಾಲು ಸಮೇತ ಮಾಯವಾದರು.

ಪಾರ್ಕಿಂಗ್ ಲಾಟಿನಲ್ಲಿ ಅತ್ತೆ ನನ್ನ ಮಡಿಲಿಗೆ ತಾವೇ ಹಾಕಿದ್ದ ಬಾಳೆಹಣ್ಣನ್ನು ಸುಲಿದು ಕೊಟ್ಟರು. "ಮೊದಲು ಇದನ್ನ ತಿನ್ನು. ಪ್ರಸಾದಕ್ಕೆ ಮುಂಚೆ ಉಪವಾಸ ಮುರಿದ ಪಾಪ ನನಗಿರಲಿ." ಎರಡು ಹಣ್ಣು ತಿಂದು ಮಾತ್ರೆ ನುಂಗಿದೆ. ಈ ಸಲ ಒಳಗೇ ಉಳಿಯಿತು. ನಾನು ಖಾಲಿ ಡಬ್ಬಿಯನ್ನು ಕಸಕ್ಕೆ ಹಾಕಹೊರಟರೆ ಅವರು ಇಸಿದುಕೊಂಡು ಕನ್ನಡಕ ಏರಿಸಿ ತಾರೀಕು ಹುಡುಕಿದರು. "ಇದು ಡಬ್ಬೀಲೇ ಇರತ್ತಾ?" ಎಂದು ಸಣ್ಣಗೆ ಕೇಳಿದರು. ಹೂಂ ಎಂದೆ.

ಮುಟ್ಟು ಹಿಂದುಮುಂದಾಗಬಹುದು, ವಾರಕ್ಕಿಂತ ತಡವಾದರೆ ಟೆಸ್ಟ್ ಮಾಡಿಕೊಳ್ಳಿ ಎಂದು ಫಾರ್ಮಸಿಸ್ಟ್ ಹೇಳಿದ್ದಳು. ನನ್ನದು ವಾರ ದಾಟಿಯೇಬಿಟ್ಟಿತು. ಆ ದಿನಗಳಲ್ಲಿ ನಾನು ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ. ಗಂಡ ಹೇಳಿಸಿಕೊಳ್ಳದೆಯೇ ಪಾತ್ರೆ ತೊಳೆದ. ಟೆಸ್ಟ್ ಮಾಡಿದ ಬೆಳಿಗ್ಗೆ ಬಾತ್‌ರೂಮಿನ ಆಚೆ ಅತ್ತೆ ನಿಂತಿದ್ದರು. ಒಂದೇ ಗೆರೆ ತೋರಿಸಿದೆ. ಅವರು ನೆಲದ ಮೇಲೇ ಕೂತುಬಿಟ್ಟರು. ಆಪರೇಷನ್ನಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡ ಮೇಲೇ ತಿಂಡಿ ಎಂದು ಅವರು ಮಗನಿಗೆ ಹೇಳಿದ್ದು ಆವತ್ತೇ. ಯಾವ ರಿಲೀಸೂ ಅಡ್ಡ ಬರಲಿಲ್ಲ.

ಸಂಜೆ ನೇಪರ್‌ವಿಲ್‌ನ ಆಂಟಿಯ ಫೋನು ಬಂತು. ಅತ್ತೆಗೆ ಕಿವಿ ಮಂದ, ಸ್ಪೀಕರ್ ಹಾಕುತ್ತಾರೆ.

"ಏನ್ರೀ, ಗುಡ್ ನ್ಯೂಸ್ ಕನ್ಫರ್ಮ್ ಆಯ್ತಾ?"

"ಬಸಿರಿಲ್ಲ ಕಣ್ರೀ."

"ಅಯ್ಯೋ ಪಾಪ. ಬೇಜಾರ್ ಮಾಡ್ಕೋಬೇಡಿ, ಮುಂದಿನ ವರ್ಷದ ವ್ರತಕ್ಕೆ ಆಗತ್ತೆ."

ಅತ್ತೆ ಬಿಡಿಸುತ್ತಿದ್ದ ಅವರೆಕಾಯಿಯನ್ನು ಕೆಳಗಿಟ್ಟರು. ಹಿಂದಿನ ಬೆಂಚಿಗೂ ಕೇಳಬೇಕಾದ ಗಂಟಲು ಅದು.

"ಮುಂದಿನ ವರ್ಷವೂ ಇಲ್ಲ. ಅವಳು ಮಾತ್ರೆ ತಗೊಂಡ್ಲು, ನಾನೇ ಜೊತೇಲಿ ಹೋಗಿ ಕೊಡಿಸಿದೆ. ನನಗೆ ಸೊಸೆ ಬೇಕು ಕಣ್ರೀ."