ಹಿತ್ತಾಳೆ ಬೋಗುಣಿಯ ಮೇಲೆ ಎರಡು ಹೆಸರು

ಎಂಬತ್ತರ ದಶಕದಲ್ಲಿ ನನ್ನ ಬಾಣಂತನಕ್ಕೆಂದು ಅಮ್ಮ ಮೈಸೂರಿನಿಂದ ಅಮೆರಿಕದ ಬೆರ್ರಿಯೆಸಾದಲ್ಲಿದ್ದ ನಮ್ಮ ಅಪಾರ್ಟ್‌ಮೆಂಟಿಗೆ ಬಂದಳು. ಮೊಮ್ಮಗಳನ್ನು ಎತ್ತಿ ಮುದ್ದಾಡಿದ ಮೇಲೆ ಅವಳು ಮಾಡಿದ ಮೊದಲ ಕೆಲಸ ನನ್ನ ಅಡುಗೆಮನೆಯ ಪಾತ್ರೆಗಳನ್ನು ತಿರುಗಿಸಿ ನೋಡಿದ್ದು. ಒಂದರ ಮೇಲೂ ಹೆಸರಿಲ್ಲ!

"ಹೆಸ್ರು ಹಾಕ್ಸ್ದೇ ಇರೋ ಪಾತ್ರೇಲಿ ಯಾರ್ಗಾದ್ರೂ ತಿಂಡಿ ಕೊಟ್ರೆ ಅದು ವಾಪಸ್ ಬರತ್ತೇನೇ?" ಎಂದು ತರಾಟೆಗೆ ತೆಗೆದುಕೊಂಡಳು. ಊರಲ್ಲಾದರೆ ಪಾತ್ರೆ ಅಂಗಡಿಯವನೇ ಗುರ್ರೆನ್ನುವ ಮಿಷನ್ನಿನಿಂದ ಹೆಸರು ಹಾಕಿ ಕೊಡುತ್ತಾನೆ. ಇಲ್ಲಿ ಯಾರನ್ನು ಹುಡುಕಿಕೊಂಡು ಹೋಗುವುದು?

ಅಮ್ಮನಿಗೆ ಇಂಗ್ಲಿಷ್ ಬಾರದು. ನಮ್ಮವರು ಆಫೀಸಿಗೆ ಹೋಗಿ ನಾನು ಮಗುವಿನ ಜೊತೆ ಮಲಗಿದರೆ, ಅವಳಿಗಿದ್ದ ಒಂದೇ ಸ್ನೇಹ ಪಕ್ಕದ ಮನೆಯ ಚೀನೀ ಅಜ್ಜಿಯದು. ಅವರು ಹಿಂದೆ ತಮ್ಮೂರಲ್ಲಿ ಶಾಲೆಯ ಟೀಚರಾಗಿದ್ದವರು, ಅಷ್ಟಿಷ್ಟು ಇಂಗ್ಲಿಷ್ ಬಲ್ಲವರು. ಬಾಲ್ಕನಿಯಲ್ಲಿ ಇವಳು ಸಂಡಿಗೆ, ಅವರು ಸೊಪ್ಪು ಒಣಗಿಸುತ್ತ ಕೈಸನ್ನೆಯಲ್ಲೇ ಹರಟುತ್ತಿದ್ದರು. ಬಾಣಂತಿಗೆ ಶುಂಠಿ ಕೊಡುವ ವಿಷಯದಲ್ಲಂತೂ ಇಬ್ಬರದೂ ಒಂದೇ ಹಟ. ಒಂದು ದಿನ ಅಮ್ಮ ಮಗುವಿಗೆ ನೀರು ಹಾಕುತ್ತಿದ್ದಾಗ ಅಜ್ಜಿ ಬಂದು ಶುಂಠಿ, ಖರ್ಜೂರದ ಕಷಾಯವನ್ನು ಹಿತ್ತಾಳೆ ಬೋಗುಣಿಯಲ್ಲಿ ನನ್ನ ಕೈಗೆ ಕೊಟ್ಟುಹೋದರು. ಅದು ಅವರ ತಾಯಿಯದಂತೆ. ಊರು ಬಿಡುವಾಗ ತಂದದ್ದು ಅದೊಂದೇ.

ಆ ವಾರಾಂತ್ಯ ನಮ್ಮವರು ಲೈಬ್ರರಿಯಿಂದ ಕೆತ್ತುವ ಕರೆಂಟು ಪೆನ್ನು ಎರವಲು ತಂದರು. ಟಿವಿ ಕಳುವಾದರೆ ಗುರುತು ಸಿಗಲಿ ಎಂದು ಅದರ ಮೇಲೆ ನಮ್ಮ ಡ್ರೈವಿಂಗ್ ಲೈಸೆನ್ಸ್ ನಂಬರು ಕೊರೆಯಲು ಆಗ ಅಂಥದ್ದನ್ನು ಕೊಡುತ್ತಿದ್ದರು. ಗುರ್ರೆಂದು ಸದ್ದು ಕೇಳಿದ್ದೇ ತಡ, ಅಮ್ಮ ಓಡಿ ಬಂದಳು.

"ಅಯ್ಯೋ, ನಮ್ಮ ಪಾತ್ರೆ ಅಂಗಡಿ ಮಿಷನ್ನು ಕಣೇ!"

ಅಳಿಯನ ಕೈಯಿಂದ ಪೆನ್ನು ಕಿತ್ತುಕೊಂಡವಳು ಲೋಟ, ಡಬರಿ, ಕಡೆಗೆ ಸೌಟನ್ನೂ ಬಿಡದೆ ಮೊಮ್ಮಗಳ ಹೆಸರು ಕೊರೆದುಬಿಟ್ಟಳು. ನಾನು ಒಳಗೆ ಹೋಗಿ ಒಂದು ನಿದ್ದೆ ಮುಗಿಸಿ ಎದ್ದು ಬಂದು ನೋಡುತ್ತೇನೆ, ಅಜ್ಜಿಯ ಬೋಗುಣಿಯ ಮೇಲೂ ದುಂಡಗಿನ ಕನ್ನಡದಲ್ಲಿ ನನ್ನ ಮಗಳ ಹೆಸರು! ಹಿತ್ತಾಳೆ ಕಂಡವಳೇ ಅದು ಮೈಸೂರಿನದೇ ಎಂದುಕೊಂಡಿದ್ದಳು.

ವಿಷಯ ತಿಳಿದು ಅಮ್ಮನ ಮುಖ ಸಣ್ಣಗಾಯಿತು. "ಇನ್ಮೇಲೆ ಅವ್ರು ನನ್ ಜೊತೆ ಮಾತಾಡ್ತಾರಾ?" ಎಂದಳು. ಆದರೂ ಖಾಲಿ ಪಾತ್ರೆ ಹಿಂತಿರುಗಿಸುವ ಹಾಗಿಲ್ಲವಲ್ಲ. ಬೋಗುಣಿ ತುಂಬ ಕೇಸರಿಬಾತು ಮಾಡಿ, ನನ್ನನ್ನು ಮುಂದೆ ಬಿಟ್ಟುಕೊಂಡು ಹೊರಟಳು.

ನಾನು ತಡವರಿಸುತ್ತ ಆದದ್ದನ್ನು ಹೇಳಿದೆ. ಅಜ್ಜಿ ಅಕ್ಷರಗಳ ಮೇಲೆ ಬೆರಳಾಡಿಸಿ ಜೋರಾಗಿ ನಕ್ಕರು. ಕಾಗದದ ಮೇಲೆ ದೊಡ್ಡದಾಗಿ ಬರೆದು ತೋರಿಸಿದರು: 銘. ಎಡಭಾಗಕ್ಕೆ ಲೋಹ ಎಂಬ ಅರ್ಥ, ಬಲಭಾಗಕ್ಕೆ ಹೆಸರು ಎಂದು. ಓದುವುದು 'ಮಿಂಗ್' ಎಂದು. ಸಾವಿರಾರು ವರ್ಷಗಳ ಹಿಂದೆ ಅವರಲ್ಲಿ ಹಿರಿಯರಿಗೆ ಎಡೆ ಇಡುವ ಕಂಚಿನ ಪಾತ್ರೆಗಳ ಮೇಲೆ ಹೆಸರು ಮೂಡಿಸುತ್ತಿದ್ದರಂತೆ, ಮೊಮ್ಮಕ್ಕಳ ಮೊಮ್ಮಕ್ಕಳು ಬಳಸಲಿ ಎಂದು. ಆಮೇಲಾಮೇಲೆ ಅದೇ ಅಕ್ಷರಕ್ಕೆ ಮನಸ್ಸಿನಲ್ಲಿ ಅಚ್ಚೊತ್ತುವುದು, ಮರೆಯದಿರುವುದು ಎಂಬ ಅರ್ಥವೂ ಬಂತಂತೆ.

ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಅಮ್ಮ ಅರಳಿದಳು. "ನೋಡ್ದ್ಯಾ? ಅವ್ರಿಗೂ ಗೊತ್ತು. ನಿಂಗೇ ಗೊತ್ತಿಲ್ಲ!" ಕಡೆಗೂ ಬೈಸಿಕೊಂಡವಳು ನಾನೇ.

ಅಷ್ಟರಲ್ಲಿ ಅಜ್ಜಿ ನನ್ನ ಮಗಳ ಹೆಸರಿನ ಪಕ್ಕದ ಜಾಗ ತೋರಿಸಿ, ಅಲ್ಲಿ ತಮ್ಮ ತಾಯಿಯ ಹೆಸರನ್ನೂ ಹಾಕಿಕೊಡಬೇಕೆಂದರು. ತಾಯಿಗೆ ಓದುಬರಹ ಬರುತ್ತಿರಲಿಲ್ಲವಂತೆ. ಆಕೆಯ ಹೆಸರನ್ನು ಯಾರೂ ಯಾವುದರ ಮೇಲೂ ಬರೆದಿರಲಿಲ್ಲವಂತೆ. ನಾನು ಓಡಿಹೋಗಿ ಪೆನ್ನು ತಂದೆ. ಅಜ್ಜಿ ಬರೆದುಕೊಟ್ಟದ್ದನ್ನು ನೋಡಿಕೊಂಡು ಅಮ್ಮ ರಂಗೋಲಿಯ ಹಾಗೆ ಮೊದಲು ಚುಕ್ಕಿ ಇಟ್ಟು, ಆಮೇಲೆ ಗೆರೆ ಕೂಡಿಸಿದಳು. ಮುಗಿದಾಗ ಇಬ್ಬರ ಕಣ್ಣಲ್ಲೂ ನೀರು. ನನಗಂತೂ ಖುಷಿ ಹಿಡಿಸಲಾರದಷ್ಟು.

"ಎರಡ್ ಮನೆ ಹೆಸ್ರಿದೆ, ಎರಡ್ ಮನೇಲೂ ಓಡಾಡ್ಲಿ" ಎಂದು ಅಮ್ಮ ತೀರ್ಪು ಕೊಟ್ಟಳು.

ಅಮ್ಮ ಊರಿಗೆ ಹೊರಟ ಮಾರನೆಯ ಬೆಳಿಗ್ಗೆ, ಬಿಕೋ ಎನ್ನುವ ಅಡುಗೆಮನೆಯಲ್ಲಿ ಮಗುವನ್ನು ಎತ್ತಿಕೊಂಡು ಅಳುತ್ತ ನಿಂತಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ಅಜ್ಜಿ, ಕೈಯಲ್ಲಿ ಬೋಗುಣಿ ತುಂಬ ಬಿಸಿ ಶುಂಠಿ ಕಷಾಯ.